ಕೇರಿಗೊಂದೇ ಹುಳು

ಕಡಲು ಸರಿದುಹೋಗಿ ಮೂವತ್ತು ವರ್ಷವಾಗಿತ್ತು. ಅದು ಹೋಗುವ ಮೊದಲು ಕೇರಿಯವರು ತುಂಬಿಟ್ಟುಕೊಂಡ ನೀರು ಈಗ ಮನೆಗೊಂದು ಗಾಜಿನ ತೊಟ್ಟಿಯಲ್ಲಿತ್ತು. ಗಾಜಿಗೆ ಕಟ್ಟುವ ಪಾಚಿ ತಿನ್ನಲು ಇಡೀ ಕೇರಿಗೆ ಉಳಿದದ್ದು ಚಿಪ್ಪಿಲ್ಲದ ಒಂದೇ ಒಂದು ಕಡಲ ಬಸವನಹುಳು. ಒಂದು ಮನೆಯಲ್ಲಿ ಎಂಟು ದಿನ, ಆಮೇಲೆ ಪಕ್ಕದ ಮನೆಗೆ.

ಮೂಕಾಂಬು ಅದನ್ನು ಹದಿಮೂರು ದಿನ ಇಟ್ಟುಕೊಂಡಿದ್ದಳು.

“ಅಕ್ಕಾ, ನನ್ನ ತೊಟ್ಟಿ ಹಸಿರು ಗಂಜಿ ಆಯ್ತು. ಮೀನು ಮೇಲೆ ಬಂದು ಬಾಯಿ ಬಿಡ್ತಾ ಉಂಟು,” ಎಂದಳು ಪಕ್ಕದ ಮನೆಯ ಸುಗಂಧಿ, ತನ್ನ ತೊಟ್ಟಿಯ ಪಾಚಿ ನೀರು ತುಂಬಿದ ಬಕೆಟ್ ಹಿಡಿದು ಒಳಗೇ ಬಂದು.

“ನಂದು ಇನ್ನೂ ಮುಗೀಲಿಲ್ಲ ಮಾರಾಯ್ತಿ.”

“ಎಂತ ಮುಗೀಲಿಲ್ಲ? ಗಾಜಿನ ಆಚೆ ಕ್ಯಾಲೆಂಡರಿನ ತಾರೀಕು ಓದ್ಬಹುದು! ಹೊಟ್ಟೆಗೆ ಎಂತ ತಿಂತದೆ ಅದು?”

ಅಂಗೈಯಷ್ಟಿದ್ದ ಹುಳು ಹೆಬ್ಬೆರಳಷ್ಟಾಗಿತ್ತು. ಮೂಕಾಂಬುಗೂ ಅದು ಕಾಣುತ್ತಿತ್ತು. ಚಿಕ್ಕಂದಿನಲ್ಲಿ ಅಮ್ಮನ ಜೊತೆ ಬಂಡೆಗಳಲ್ಲಿ ಪಚ್ಚಿಲೆ ಚಿಪ್ಪು ಕೀಳಲು ಹೋದಾಗ ಇಂಥವನ್ನೇ ತುಳಿದು ಅವಳ ಅಂಗಾಲು ನೇರಳೆಯಾಗುತ್ತಿತ್ತು. ಆಗ ಬೈಯುತ್ತಿದ್ದ ಅಮ್ಮನ ಮುಖ, ಈ ಹುಳು ಗಾಜಿನ ಮೇಲೆ ಹರಿಯುವಾಗಷ್ಟೇ ಸರಿಯಾಗಿ ನೆನಪಿಗೆ ಬರುತ್ತಿತ್ತು. ಅದಕ್ಕೇ ಐದು ದಿನ ಸುಳ್ಳು ಹೇಳಿದ್ದಳು.

“ಸತ್ರೆ ನಮ್ಮಿಬ್ರಿಗೂ ಇಲ್ಲ ಅಕ್ಕಾ,” ಎಂದಳು ಸುಗಂಧಿ, ಈ ಸಲ ಮೆಲ್ಲಗೆ.

ಮೂಕಾಂಬು ತೊಟ್ಟಿಗೆ ಕೈ ಹಾಕಿದಳು. ಹೆದರಿದ ಹುಳು ಬಣ್ಣ ಬಿಟ್ಟು, ಅವಳ ಬಲಗೈ ಮಣಿಕಟ್ಟಿನವರೆಗೂ ನೇರಳೆಯಾಯಿತು. ಬಕೆಟ್ಟಿಗೆ ಬಿಟ್ಟದ್ದೇ ತಡ, ಅದು ಅಲ್ಲಿದ್ದ ಪಾಚಿಗೆ ಬಾಯಿ ಹಾಕಿತು.

“ಬೇಗ ಕೈ ತೊಳ್ಕೊಳ್ಳಿ, ಮತ್ತೆ ಕಲೆ ಹೋಗುದಿಲ್ಲ.”

“ಹ್ಞೂಂ,” ಎಂದಳು ಮೂಕಾಂಬು.

ಹುಟ್ಟಿದಾಗಿನಿಂದ ಕೈಯಲ್ಲೇ ಉಂಡವಳು, ಆ ಮಧ್ಯಾಹ್ನ ತೊಳೆಯದ ನೇರಳೆ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯಲ್ಲಿ ಚಮಚ ಹಿಡಿದಳು.