ಕರೆಯಬೇಡಿ ಎಂದು ಬರೆದಿದ್ದ ಹೆಸರು

ಕೈಯಲ್ಲಿರುವ ಚಹಾ ಆರುವುದರೊಳಗೆ ಓದಿ ಮುಗಿಸಬಹುದು... ಓದಿ ನೋಡಿ.

ಧಾರವಾಡದಲ್ಲಿ ನೀಲಾಂಬಿಕಾ ಎಂಬ ಮಹಿಳೆ ಒಂದು ಸಣ್ಣ ಆಫೀಸು ನಡೆಸುತ್ತಾರೆ. ಎಲ್ಲರಿಗೂ ಅವರು ನೀಲಕ್ಕ.

ಕಣ್ಣು ಕಾಣದ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬಾಯಿಂದ ಉತ್ತರ ಹೇಳುತ್ತಾರೆ. ಪಕ್ಕದಲ್ಲಿ ಕೂತು ಅದನ್ನು ಬರೆಯಲು ಒಬ್ಬರು ಬೇಕು... ಅಂಥ ಬರಹಗಾರರನ್ನು ಹುಡುಕಿ ಕೊಡುವುದೇ ನೀಲಕ್ಕನ ಕೆಲಸ.

ನೀಲಕ್ಕನಿಗೂ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿರುವುದನ್ನೆಲ್ಲ ಕಂಪ್ಯೂಟರ್ ಗಟ್ಟಿಯಾಗಿ ಓದುತ್ತದೆ, ಅವರು ಕೇಳಿಸಿಕೊಂಡು ಕೆಲಸ ಮಾಡುತ್ತಾರೆ.

ಬರಹಗಾರರ ಊರು, ಓದು, ಫೋನ್ ನಂಬರ್ ಇರುವ ಡೇಟಾಬೇಸ್ ಆಫೀಸಿನ ಆ ಒಂದೇ ಕಂಪ್ಯೂಟರಿನಲ್ಲಿತ್ತು. ಹೀಗಾಗಿ ಪರೀಕ್ಷೆಯ ದಿನಗಳಲ್ಲಿ ನೀಲಕ್ಕ ಊರು ಬಿಡುತ್ತಲೇ ಇರಲಿಲ್ಲ.

ಅದೇ ದಿನಗಳಲ್ಲಿ ಮೈಸೂರಿನಲ್ಲಿ ಅವರ ಅಂಧರ ಶಾಲೆಯ ಹಳೆಯ ಗೆಳತಿಯರು ಸೇರುತ್ತಿದ್ದರು. ಪ್ರತಿ ವರ್ಷ ನೀಲಕ್ಕ ಒಬ್ಬರೇ ಗೈರು.

ಈ ಸಲ ಗೆಳತಿ ಗೌರಮ್ಮ ಫೋನಿನಲ್ಲಿ ಹೇಳಿದರು, "ನಮಗೂ ವಯಸ್ಸಾಯ್ತು ಕಣೇ. ಇನ್ನೆಷ್ಟು ಸಲ ಸೇರ್ತೀವೋ ಏನೋ... ಬಾರೇ."

ನೀಲಕ್ಕನಿಗೆ ಇಲ್ಲ ಎನ್ನಲಾಗಲಿಲ್ಲ. ಕಂಪ್ಯೂಟರ್ ರಿಪೇರಿಯ ಇಮ್ತಿಯಾಜ್‌ನನ್ನು ಕರೆಸಿದರು. ದೂರದಿಂದಲೇ ಆಫೀಸಿನ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಬೇಕು ಎಂದರು.

"ಇದನ್ನ ತಗೋರಿ ಅಕ್ಕಾ. ಎಲ್ಲಾರೂ ಇದನ್ನ ಹಾಕಿಸ್ತಾರ. ಪಿಕ್ಚರ್ ಕನ್ನಡಿ ಹಂಗ ಕಾಣತದ."

"ಕಾಣೋದನ್ನ ತಗೊಂಡು ನಾ ಏನ್ ಮಾಡ್ಲೋ ಇಮ್ತಿಯಾಜ್... ನನಗ ಕೇಳಬೇಕು."

ಇಮ್ತಿಯಾಜ್ ನಾಲಿಗೆ ಕಚ್ಚಿಕೊಂಡ.

ಹಾಕಿ ನೋಡಿದರೆ, ಆಫೀಸಿನ ಕಂಪ್ಯೂಟರ್ ಆಫೀಸಿನಲ್ಲೇ ಮಾತಾಡುತ್ತಿತ್ತು. ನೀಲಕ್ಕ ಜೊತೆಗೆ ಒಯ್ಯಬೇಕಿದ್ದ ಲ್ಯಾಪ್‌ಟಾಪಿಗೆ ಒಂದು ಸದ್ದೂ ಬರಲಿಲ್ಲ.

ಇನ್ನೊಂದರಲ್ಲಿ ದನಿ ಬಂತು, ಆದರೆ ತಡವಾಗಿ... ಒಂದು ಹೆಸರು ಕೇಳಿಸುವಷ್ಟರಲ್ಲಿ ಕೈ ಇನ್ನೊಂದು ಹೆಸರಿಗೆ ಹೋಗಿಬಿಟ್ಟಿರುತ್ತಿತ್ತು.

ಮತ್ತೊಂದು ಸಾದಾ ಸಾಫ್ಟ್‌ವೇರ್. ಚಿತ್ರ ಮಸುಕು, ಬಣ್ಣ ಕೆಟ್ಟದ್ದು. ಆದರೆ ದನಿ ಸ್ಪಷ್ಟ. ಚಿತ್ರವನ್ನು ಪೂರ್ತಿ ಆಫ್ ಮಾಡಿದರೆ ನೆಟ್‌ವರ್ಕ್ ಕಡಿಮೆ ಇದ್ದಲ್ಲೂ ದನಿ ಬರುತ್ತಿತ್ತು.

"ನೋಡಾಕ ಚಂದ ಇಲ್ರೀ ಅಕ್ಕಾ ಇದು."

"ಇದ ಇರಲಿ," ಎಂದರು ನೀಲಕ್ಕ. "ನನ್ನ ಫೋನಿಗೆ ಕೋಡ್ ಬಂದ ಹೊರತು ಯಾರೂ ಒಳಗ ಹೋಗಬಾರದು, ಹಂಗ ಮಾಡು. ಮಂದಿ ನಂಬರ್ ಅದಾವ ಅದರಾಗ."

ಭಾನುವಾರ ಆಫೀಸಿಗೆ ಬೀಗ ಹಾಕಿ, ಕಂಪ್ಯೂಟರ್ ಮಾತ್ರ ಚಾಲೂ ಇಟ್ಟು, ನೀಲಕ್ಕ ಮೈಸೂರಿನ ರೈಲು ಹತ್ತಿದರು.

ಹಾವೇರಿ ದಾಟಿತ್ತು... ಫೋನ್ ಬಂತು. ಗದಗದ ಚೈತ್ರಾ. ಬಿ.ಎ. ಕೊನೆಯ ವರ್ಷದ ಹುಡುಗಿ.

"ಅಕ್ಕಾ... ನಾಳೆ ಪರೀಕ್ಷಾದಾಗ ನನಗ ಬರೆಯಾಕಿ ಜ್ವರ ಬಂದು ಆಸ್ಪತ್ರಿ ಸೇರ್ಯಾಳ. ಏನ್ ಮಾಡ್ಲಿ ಅಕ್ಕಾ?"

"ನೀ ಓದಕೋತ ಕುಂದ್ರವ್ವಾ. ನಾ ನೋಡ್ತೀನಿ."

ಹೇಳುವುದೇನೋ ಹೇಳಿದರು... ಯಾರು ಸಿಗುತ್ತಾರೋ ಅವರಿಗೂ ಗೊತ್ತಿರಲಿಲ್ಲ.

ಲ್ಯಾಪ್‌ಟಾಪ್ ತೆರೆದು ಇಯರ್‌ಫೋನ್ ಹಾಕಿಕೊಂಡರು. ಧಾರವಾಡದ ಬೀಗ ಹಾಕಿದ ಕೋಣೆಯಿಂದ ಆ ಪರಿಚಿತ ದನಿ ಕಿವಿಯಲ್ಲಿ ಮಾತಾಡಿದಾಗ ಅರ್ಧ ಜೀವ ಬಂದಂತಾಯಿತು.

ಬರೆಯುವವರು ವಿದ್ಯಾರ್ಥಿಗಿಂತ ಕಡಿಮೆ ಓದಿರಬೇಕೆಂಬ ನಿಯಮದಂತೆ, ಗದಗದಲ್ಲಿ ಪಿಯುಸಿವರೆಗೆ ಓದಿದವರನ್ನು ಹುಡುಕಿದರು. ಸಿಕ್ಕ ಒಬ್ಬರ ಮನೆಯಲ್ಲಿ ಮದುವೆ. ಇನ್ನೊಬ್ಬರು ಬೆಳಗಾವಿಗೆ ಹೋಗಿ ನೆಲೆಸಿದ್ದರು. ಮತ್ತೊಬ್ಬರು ಫೋನೇ ಎತ್ತಲಿಲ್ಲ.

ನೆಟ್‌ವರ್ಕ್ ಹೋಯಿತು. ದನಿ ನಿಂತಿತು. ನೀಲಕ್ಕ ಬೆರಳನ್ನು ಕೀಬೋರ್ಡಿನ ಮೇಲಿಟ್ಟು ಹಾಗೇ ಕೂತರು...

ಮತ್ತೆ ದನಿ ಬಂತು. "ರೋಹಿಣಿ ಮುಳಗುಂದ. ಗದಗ. ಷರಾ... ಕರೆಯಬೇಡಿ."

ಹೆಸರಿನ ಮುಂದೆ ಆ ಷರಾ ಟೈಪ್ ಮಾಡಿದ್ದು ಸ್ವತಃ ನೀಲಕ್ಕ. ಕೆಲವು ವರ್ಷಗಳ ಹಿಂದೆ ಬರುತ್ತೇನೆಂದು ಒಪ್ಪಿದ್ದ ರೋಹಿಣಿ ಪರೀಕ್ಷೆಗೆ ಬಂದಿರಲಿಲ್ಲ. ಒಬ್ಬ ಹುಡುಗನ ವರ್ಷವೇ ಹಾಳಾಯಿತು. ಆಮೇಲೆ ಫೋನ್ ಮಾಡಿ, "ತಪ್ಪಾತ್ರೀ ಅಕ್ಕಾ," ಎಂದಷ್ಟೇ ಹೇಳಿದ್ದಳು. ನೀಲಕ್ಕ ಫೋನ್ ಇಟ್ಟುಬಿಟ್ಟಿದ್ದರು.

ಈಗ ಉಳಿದದ್ದು ಆ ಹೆಸರೊಂದೇ. ಮನಸ್ಸು ಗಟ್ಟಿ ಮಾಡಿ ನಂಬರ್ ಒತ್ತಿದರು.

"ನೀಲಕ್ಕಾ ಏನ್ರೀ?" ಎಂದಿತು ಆ ಕಡೆಯ ದನಿ. ನಂಬರ್ ಇನ್ನೂ ಇಟ್ಟುಕೊಂಡಿದ್ದಳು.

ನೀಲಕ್ಕ ವಿಷಯ ಹೇಳಿ ಮುಗಿಸುವ ಮೊದಲೇ ರೋಹಿಣಿ ಕೇಳಿದಳು, "ಯಾವ ಕಾಲೇಜ್ ರೀ? ಹೊಲಿಗಿ ಅಂಗಡಿ ನಾಳೆ ತೆಗೆಯಂಗಿಲ್ಲ ಬಿಡ್ರಿ. ಹೊತ್ತಿಗಿಂತ ಮುಂಚೇನ ಹೋಗಿ ಕುಂದ್ರತೀನಿ."

ನೀಲಕ್ಕನಿಗೆ ತಡೆಯಲಾಗಲಿಲ್ಲ. "ಅವತ್ತ ಯಾಕ ಬರಲಿಲ್ಲ ರೋಹಿಣಿ?"

"ಅವತ್ತ ಬೆಳಿಗ್ಗೆ ನಮ್ಮಪ್ಪ ತೀರ್ಕೊಂಡ್ರು ಅಕ್ಕಾ."

"ಅಯ್ಯ ನನ್ನವ್ವಾ... ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರ ಆ ಹುಡುಗನ ವರ್ಷ ವಾಪಸ್ ಬರತಿತ್ತೇನ್ರೀ?"

ನೀಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಎದುರು ಸೀಟಿನ ಹೆಂಗಸು ನೀರಿನ ಬಾಟಲಿ ಕೈಗಿಟ್ಟಳು.

ನೀರು ಕುಡಿದು ನೀಲಕ್ಕ ಮತ್ತೆ ಕೀಬೋರ್ಡಿನ ಮೇಲೆ ಕೈಯಿಟ್ಟರು. ನಾಳೆ ಏನಾಗುತ್ತದೋ ಎಂದು ಕಾಯಲಿಲ್ಲ... ಆ ಷರಾವನ್ನು ಅಲ್ಲೇ, ಓಡುವ ರೈಲಿನಲ್ಲೇ ಅಳಿಸಿದರು.

ಮರುದಿನ ಮೈಸೂರಿನಲ್ಲಿ ಗೆಳತಿಯರು ಸುತ್ತ ಕೂತು ಊಟ ಮಾಡುತ್ತಿದ್ದಾಗ ಚೈತ್ರಾಳ ಫೋನ್ ಬಂತು.

"ಅಕ್ಕಾ, ಎಲ್ಲಾ ಪ್ರಶ್ನೆ ಮುಗಿಸಿದ್ವಿ. ರೋಹಿಣಿ ಅಕ್ಕಾರು ಬರೆದಿದ್ದನ್ನ ಪೂರಾ ಓದಿ ಹೇಳಿದ್ರು. ಈಗ ನನಗ ಊಟ ಮಾಡಿಸಬೇಕಂತ, ಮನಿಗೆ ಕರಕೊಂಡು ಹೊಂಟಾರ."

ನೀಲಕ್ಕ ಫೋನ್ ಕೆಳಗಿಟ್ಟು ದೀರ್ಘವಾಗಿ ಉಸಿರು ಬಿಟ್ಟರು.

"ಏನಾಯ್ತೇ?" ಎಂದರು ಗೌರಮ್ಮ.

"ಏನಿಲ್ಲ... ಇನ್ನೊಂದು ಹೋಳಿಗಿ ಹಾಕ್ರಿ," ಎಂದರು ನೀಲಕ್ಕ.

*ಕಾರಣ ಕೇಳದೆ ನಾವು ದೂರವಿಟ್ಟವರಲ್ಲಿ, ನಮಗಿಂತ ಹೆಚ್ಚು ನೊಂದವರೂ ಇರುತ್ತಾರೆ.*

ನಿಮ್ಮ ಫೋನಿನಲ್ಲೂ ನೀವು ಕರೆಯದೇ ಬಿಟ್ಟ ಒಂದು ಹೆಸರು ಇರಬಹುದು... ಇವತ್ತು ಒಮ್ಮೆ ಕರೆದು ನೋಡುತ್ತೀರಾ?