ಆ ದಿನದ ಒಂದೇ ವ್ಯಾಪಾರ

ಚಿಕ್ಕಪ್ಪ ಬಾಯಿ ತೆರೆದರೆ ಷೇರುಪೇಟೆ ಎದ್ದು ನಿಂತು ಕೈಮುಗಿಯುತ್ತಿತ್ತು. "ಸಂಜೆಗೆ ಸೊನ್ನೆಯಾದ ಆಪ್ಷನ್ನನ್ನ ಬೆಳಿಗ್ಗೆ ತೊಂಬತ್ತು ರೂಪಾಯಿಗೆ ರಾಶಿ ರಾಶಿ ಮಾರಿದೋನು ನಾನು. ಯಾವನೋ ಪೆದ್ದ ಕೊಂಡ," ಎಂದು ಲಕ್ಷದ ಒಂದನೇ ಸಲ ಹೇಳಿದ.

ಅಣ್ಣನ ಮಗಳು ಲ್ಯಾಪ್‌ಟಾಪ್ ತೆರೆದಳು. "ತಡೀರಿ ಚಿಕ್ಕಪ್ಪ. ಷೇರುಪೇಟೆ ದಾಖಲೆ ಕೊಡೋ ಎಪಿಐಗೆ ನೀವು ಹೇಳೋ ತಾರೀಕು ಕೊಟ್ರೆ ಅವತ್ತಿನ ವ್ಯಾಪಾರವೆಲ್ಲ ಬರತ್ತೆ. ಇವತ್ತು ನಿಮ್ಮ ಬಣ್ಣ ಬಯಲು."

ಚಿಕ್ಕಪ್ಪ ಕುರ್ಚಿ ಎಳೆದುಕೊಂಡು ಪರದೆಗೆ ಕಣ್ಣು ನೆಟ್ಟ. ಜನ್ಮದಲ್ಲಿ ಆಡಿದ ನಿಜ ಅದೊಂದೇ; ಅದೂ ಸುಳ್ಳೆಂದು ಬಂದರೆ ಮುಖ ಎಲ್ಲಿಡುವುದು?

"ನಿಜಾನೇ ಚಿಕ್ಕಪ್ಪ. ಅವತ್ತು ಆ ಆಪ್ಷನ್ನು ಇಡೀ ದೇಶದಲ್ಲಿ ಕೈಬದಲಾಗಿದ್ದು ಒಂದೇ ಸಲ, ತೊಂಬತ್ತಕ್ಕೆ."

"ನೋಡಿದ್ಯಾ? ದೇಶಕ್ಕೆಲ್ಲ ಒಬ್ಬನೇ ಪೆದ್ದ."

ಅದೇ ವರ್ಷ ತನ್ನ ಅಂಗಡಿ ಮಾರಿದಂದಿನಿಂದ ಮಾತೇ ಬಿಟ್ಟಿದ್ದ ಅಣ್ಣ ಕಾಫಿ ಲೋಟ ಕೆಳಗಿಟ್ಟ.

"ಕೊಂಡಿದ್ದು ನಾನು ಕಣೋ."