ನಮ್ಮನೆಯವರು

ಜಲಜಾ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು, ಮೂಸಂಬಿ ತೊಳೆಗಳ ಬಿಳಿ ನಾರನ್ನು ಕಿತ್ತು ಡಬ್ಬಿಗೆ ತುಂಬುತ್ತಿದ್ದಳು. ಆಪರೇಷನ್ ಆಗಿ ಒಳಗೆ ಮಲಗಿದ್ದ ಪದ್ಮಿನಿಗೆ ನಾರು ಕಂಡರಾಗದು.

ವಾರ್ಡಿನ ಬಾಗಿಲ ಮುಂದೆ ಎಂದಿನಂತೆ ಸಾಲಿತ್ತು. ಒಳಗಿರುವವರು ತಮಗೇನಾಗಬೇಕೆಂದು ಹೇಳಿದರೆ, ನಿಜವೋ ಸುಳ್ಳೋ ನೋಡಿ ಬಾಗಿಲೇ ತೆರೆದುಕೊಳ್ಳುತ್ತಿತ್ತು.

"ನಾನು ಗಂಡ," ಎಂದ ಪಂಚೆಯವನೊಬ್ಬ.

"ನಿಜ. ಹೆಂಡತಿಯ ಹೆಸರು ಮರೆತಿದ್ದೀರಿ, ಆದರೂ ಹೋಗಿ," ಎಂದಿತು ಬಾಗಿಲು.

ಜಲಜಾಳ ಸರದಿ ಬಂತು. "ತಂಗಿ ಆಗ್ಬೇಕು," ಎಂದಳು, ಬೀದಿಗೆಲ್ಲ ಹೇಳಿಕೊಂಡು ಬಂದ ಹಾಗೆ.

"ಸುಳ್ಳು."

"ಗೆಳತಿ."

"ಅರ್ಧ ನಿಜ."

ಹಿಂದಿದ್ದ ಅಜ್ಜಿ ತಿವಿದಳು. "ಬೇಗ ಹೇಳೇ ತಾಯಿ, ನನ್ ಗಂಜಿ ಆರೋಯ್ತದೆ."

ಜಲಜಾಳ ಕಿವಿ ಬಿಸಿಯಾಯಿತು. ಗಂಡನ ಹೆಸರೆತ್ತಲು ನಾಚುವ ಹೆಂಗಸರು ಆಡುವ ಮಾತೇ ಅವಳ ಬಾಯಿಗೂ ಬಂತು.

"ನಮ್ಮನೆಯವರು."

"ಅಪ್ಪಟ ನಿಜ," ಎಂದಿತು ಬಾಗಿಲು. ಆದರೆ ತೆರೆಯಲಿಲ್ಲ. "ಕಾನೂನಿನಲ್ಲಿ ಹೆಂಗಸಿಗೆ ಹೆಂಗಸು ಮನೆಯವರಾಗುವ ಹಾಗಿಲ್ಲ. ಪಕ್ಕಕ್ಕೆ ನಿಲ್ಲಿ."

"ಎಲಾ ಇದರ! ಹೆಸರು ಮರ್ತೋನ್ನ ಬಿಟ್ಟೆ, ನಾರು ಬಿಡಿಸ್ದೋಳ್ನ ಬಿಡಲ್ವಾ?" ಅಜ್ಜಿ ಚಪ್ಪಲಿ ತೆಗೆದು ಬಾಗಿಲಿಗೊಂದು ಬಾರಿಸಿದಳು.

"ನನಗೆ ನೋವಾಗಲಿಲ್ಲ," ಎಂದಿತು ಬಾಗಿಲು.

"ಸುಳ್ಳು," ಎಂದಳು ಅಜ್ಜಿ.

ಸಾಲಿಗೆ ಸಾಲೇ ನಕ್ಕಿತು. ಜಲಜಾ ಮಾತ್ರ ಡಬ್ಬಿಯ ಮುಚ್ಚಳ ಒತ್ತಿ, ಅದನ್ನು ಬಾಗಿಲಿನತ್ತ ಚಾಚಿದಳು.

"ನನ್ನ ಬಿಡದಿದ್ರೆ ಬೇಡ. ಇದನ್ನಾದ್ರೂ ಅವಳಿಗೆ ಕೊಡಿ."